ಕಲ್ಲು ಕರಗಿಸಿದವರು

ಹುರುಳಿ ಕುದಿಯುವ ವಾಸನೆ ನನಗಾಗದು. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ಬೀಗರು ಬಂದು ಹುರುಳಿ ಸಾರು ಬೇಕೆಂದು ಬಾಯಿಬಿಟ್ಟು ಕೇಳಿದರೂ ನನ್ನ ಒಲೆಯ ಮೇಲೆ ಅದು ಏರುವುದಿಲ್ಲ. ಅಂಥದ್ದರಲ್ಲಿ ಮೊನ್ನೆ ಸಂಜೆ ವಿಭೂತಿ ಹಚ್ಚಿಕೊಂಡು ಕೂತವಳ ಮೂಗಿಗೆ ಅದೇ ವಾಸನೆ ಬಡಿಯಿತು. ಪೂಜೆಯನ್ನು ಅಷ್ಟಕ್ಕೇ ಬಿಟ್ಟು ಅಡಿಗೆಮನೆಗೆ ಹೋದೆ. ಸೊಸೆ ದೊಡ್ಡ ಪಾತ್ರೆ ಇಟ್ಟುಕೊಂಡು ನಿಂತಿದ್ದಳು.

“ನಾ ಇನ್ನೂ ಬದುಕೀನಿ, ಗೊತ್ತೈತಿಲ್ಲ? ಯಾರನ್ನ ಕೇಳಿ ಇದನ್ನ ಒಲಿ ಮ್ಯಾಲಿಟ್ಟಿ?”

“ಗೌರಿಗೆ ರೀ ಅತ್ತಿ. ಮೂತ್ರಪಿಂಡದಾಗ ಕಲ್ಲು ಐತಂತ ಮೆಹಬೂಬನಗರದಾಗ ಫೋಟೋ ತಗದವರು ಹೇಳ್ಯಾರ. ನಿಮ್ಮ ಮುಂದ ಹೇಳಬ್ಯಾಡ ಅಂದಿದ್ದಳು.”

ಗೌರಿ ನನ್ನ ಮೊಮ್ಮಗಳು. ಗುಂಡುಮಾಲು ಎಂಬ ಹಳ್ಳಿಯ ಸಾಲೆಯಲ್ಲಿ ಪಾಠ ಹೇಳುತ್ತಾಳೆ. ಡಾಕ್ಟರು ಆಕೆಗೆ ಮೂರು ದಾರಿ ಹೇಳಿದ್ದಾರಂತೆ. ಕಲ್ಲು ಸಣ್ಣದಿದ್ದರೆ ನೀರು ಕುಡಿದು ತಾನಾಗಿಯೇ ಬೀಳುವವರೆಗೆ ಕಾಯುವುದು. ಇಲ್ಲದಿದ್ದರೆ ಯಂತ್ರದಿಂದ ಹೊರಗಿನಿಂದಲೇ ಪೆಟ್ಟು ಕೊಟ್ಟು ಒಳಗೇ ಪುಡಿ ಮಾಡುವುದು. ಅದಕ್ಕೂ ಬಗ್ಗದಿದ್ದರೆ ಮೂತ್ರದ ದಾರಿಯಿಂದ ಸಪೂರ ನಳಿಗೆ ತೂರಿಸಿ ಒಡೆದು ತೆಗೆಯುವುದು. ಮೈ ಕೊಯ್ಯುವ ಮಾತೇ ಇಲ್ಲವಂತೆ. ಕೇಳುತ್ತಾ ನನ್ನ ಕೈ ತಾನಾಗಿ ಎಡಪಕ್ಕೆಗೆ ಹೋಯಿತು. ಬೆನ್ನಿನಿಂದ ಹೊಟ್ಟೆಯವರೆಗೆ ಹರಿದ ಗಾಯದ ಗೆರೆ ಅಲ್ಲಿದೆ. ನನ್ನ ಎಡಗಡೆಯ ಮೂತ್ರಪಿಂಡ ಇದ್ದ ಜಾಗ ಅದು. ಇದ್ದ ಅಂತಲೇ ಹೇಳಬೇಕು.

ನಿಜಾಮರ ರಾಜ್ಯ ಇನ್ನೂ ಗಟ್ಟಿಯಾಗಿದ್ದ ಕಾಲ. ಮಕ್ತಲದಲ್ಲಿ ಹುಟ್ಟಿದ ನನ್ನನ್ನು ನಾರಾಯಣಪೇಟೆಯ ಸೀರೆ ವ್ಯಾಪಾರದ ಸಾಹುಕಾರರ ಮನೆಗೆ ಕೊಟ್ಟಿದ್ದರು. ಮದುವೆಯಾದ ಮರುವರ್ಷದ ಬೇಸಿಗೆಯ ಮಾತು ಇದು. ಆ ಊರಿನ ಬಿಸಿಲು ಹೇಗಿರುತ್ತದೆಂದು ಗೊತ್ತಿದ್ದವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಮನೆಯ ಮುಂಭಾಗದ ಪಡಸಾಲೆಯೇ ಅಂಗಡಿ. ಅಲ್ಲಿ ಗಾದಿಯ ಮೇಲೆ ನನ್ನ ಮಾವ ವೀರಪ್ಪ ಸಾಹುಕಾರರು ಕೂರುತ್ತಿದ್ದರು; ನೇಕಾರರು, ಗಿರಾಕಿಗಳು ದಿನವಿಡೀ ಬಂದು ಹೋಗುತ್ತಿದ್ದರು. ಪಡಸಾಲೆಯ ಬಲಮೂಲೆಗೆ ಬಚ್ಚಲು. ಅದರ ಮೋರಿ ಬೀದಿಯ ಕಡೆ ಹರಿಯುತ್ತಿತ್ತು.

ಇಡೀ ಕಥೆಯ ಬೇರು ಇರುವುದು ಆ ಬಚ್ಚಲಿನಲ್ಲಿ. ಮಾವ ಬೆಳಿಗ್ಗೆ ಅಲ್ಲಿ ಜಳಕ ಮಾಡಿ ಒದ್ದೆ ಮೈಯಲ್ಲೇ ಲಿಂಗಪೂಜೆಗೆ ಕೂರುತ್ತಿದ್ದರು. ಹಾಗಾಗಿ ಅದು ಮಡಿಯ ಜಾಗ. ಹೆಂಗಸರು ಅಲ್ಲಿ ಜಳಕ ಮಾಡಬಹುದು, ಜಲಬಾಧೆ ತೀರಿಸಿಕೊಳ್ಳುವಂತಿಲ್ಲ. ಗಂಡಸರಿಗೆ ಹೊಲ, ಗೋಡೆ, ಜಾಲಿಗಿಡ ಎಲ್ಲಾ ಇತ್ತು. ನಮಗೆ ಬೆಳಕು ಹರಿಯುವ ಮುಂಚೆ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ತಂಬಿಗೆ ಹಿಡಿದು ಊರಾಚೆಯ ಬಯಲು. ನಡುವೆ ಎಷ್ಟು ದೊಡ್ಡ ಹಗಲಿದ್ದರೂ ತಡೆದುಕೊಳ್ಳಬೇಕು. ತಡೆದುಕೊಳ್ಳುವುದಕ್ಕೆ ಇದ್ದ ಉಪಾಯ ಒಂದೇ: ನೀರು ಕುಡಿಯದಿರುವುದು.

“ಬಾಯಿ ಒಣಗಿದರ ಬಾಯಿ ಮುಕ್ಕಳಿಸು, ನುಂಗಬ್ಯಾಡ,” ಎಂದು ನನ್ನ ಅತ್ತೆ ಮೊದಲ ವಾರವೇ ಹೇಳಿಕೊಟ್ಟಿದ್ದಳು. “ಹಗಲೊತ್ತಿನಾಗ ಹೊರಗ ಹೋಗೋ ಸೊಸಿ ಅಂತ ನಿನ್ನ ಹೆಸರು ಕೆಡಬಾರದು.”

ಬಸಮ್ಮ ಆಕೆಯ ಹೆಸರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಸತ್ತ ಮಾತ್ರಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಪಕ್ಕದಲ್ಲೇ ತಣ್ಣೀರಿನ ಗಡಿಗೆ ಇರುತ್ತಿತ್ತು. ಅದನ್ನು ನೋಡುತ್ತಾ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದೆ.

ಒಂದು ಮಧ್ಯಾಹ್ನ ಗಂಡಸರಿಗೆ ಊಟಕ್ಕೆ ಬಡಿಸುತ್ತಿದ್ದಾಗ ಎಡಪಕ್ಕೆಯ ಹಿಂದೆ ಯಾರೋ ಗುದ್ದಲಿ ಹಾಕಿದಂತಾಯಿತು. ನೋವು ಅಲ್ಲಿಂದ ಕೆಳಹೊಟ್ಟೆಗೆ, ತೊಡೆಗೆ ಇಳಿಯಿತು. ಸಾರಿನ ಪಾತ್ರೆ ಕೈಬಿಟ್ಟು ನೆಲದ ಮೇಲೆ ಹೊರಳಾಡಿದೆ, ವಾಂತಿ ಮಾಡಿಕೊಂಡೆ. ಹೆತ್ತವರು ಹೆರಿಗೆಯ ನೋವೇ ದೊಡ್ಡದು ಅನ್ನುತ್ತಾರೆ. ಮುಂದೆ ನಾನೂ ಹೆತ್ತೆ. ಆ ನೋವಿನ ಮುಂದೆ ಹೆರಿಗೆ ಎಷ್ಟೋ ವಾಸಿ. ಕೊನೆಗೆ ಒಂದು ಮಗುವಾದರೂ ಕೈಗೆ ಸಿಗುತ್ತದೆ.

ಸರ್ಕಾರಿ ದವಾಖಾನೆಯ ಡಾಕ್ಟರನ್ನು ಕರೆಸಿದರು. ನಾನು ಒಳಗೆ ಪರದೆಯ ಹಿಂದೆ, ಆತ ಹೊರಗೆ. ನೋವು ನಿಲ್ಲುವ ಸೂಜಿಯನ್ನು ಪರದೆಯ ಕೆಳಗಿನಿಂದ ಚಾಚಿದ ನನ್ನ ತೋಳಿಗೆ ಚುಚ್ಚಿದ. ಮೂತ್ರಪಿಂಡಕ್ಕೆ ಆಗ ನಮ್ಮ ಕಡೆ ಎಲ್ಲರೂ ಗುರ್ದಾ ಅನ್ನುತ್ತಿದ್ದರು.

“ಗುರ್ದಾದಾಗಿನ ಕಲ್ಲು ಸಾಹುಕಾರ್ರೇ,” ಅಂದ. “ಕೆಳಗ ಇಳಿಯಾಕ ಹತ್ತೈತಿ. ಸಣ್ಣದಿದ್ದರ ತಾನ ಬೀಳತೈತಿ. ಬಿಸಿನೀರಿನ ಕಾವು ಕೊಡ್ರಿ, ನೀರು ಭಾಳ ಕುಡಸ್ರಿ. ನಳಿಗ್ಯಾಗ ಸಿಕ್ಕೊಂಡರ ಮಾತ್ರ ಹೈದರಾಬಾದಿಗೆ ಒಯ್ದು ಕೊಯ್ದು ತಗಸಬೇಕು. ಬಿಟ್ಟರ ಆ ಗುರ್ದಾ ಹೋಗತೈತಿ. ಈಕಿ ನೀರು ಕುಡಿತಾಳೋ ಇಲ್ಲೋ?”

“ಕೊಡಗಟ್ಟಲೆ ಕುಡಿತಾಳ್ರೀ,” ಎಂದಳು ನನ್ನ ಅತ್ತೆ, ನಾನು ಬಾಯಿ ತೆರೆಯುವ ಮೊದಲೇ.

ಡಾಕ್ಟರು ಹೋದದ್ದೇ ತಡ, ಪಂಚಾಯಿತಿ ಶುರುವಾಯಿತು. ಕೊಯ್ಯುವ ಮಾತು ಮಾವನಿಗೆ ಆಗಲಿಲ್ಲ. “ಪರಗಂಡಸರ ಮುಂದ ಸೊಸಿ ಮೈ ಬಿಚ್ಚಿಸಿ ಮಲಗಿಸಬೇಕೇನು? ಕೊಯ್ಯೋಮುಂದ ಲಿಂಗ ತಗಿ ಅಂತಾರ. ಮೈಮ್ಯಾಲಿನ ಲಿಂಗ ಕೆಳಗಿಡೋದಕ್ಕಿಂತ ಸಾಯೋದು ಚಲೋ,” ಅಂದರು. ಸಾಯುವವಳು ನಾನಲ್ಲವೇ, ಧಾರಾಳವಾಗಿ ಹೇಳಿದರು. ಅವರ ಮಾತಿನಲ್ಲಿ ಗದ್ವಾಲದಲ್ಲಿ ಒಬ್ಬ ಹಕೀಮ ಇದ್ದ, ಎಂಥ ಕಲ್ಲನ್ನೂ ಕರಗಿಸುವವನು. ಅತ್ತೆ ಮೂಗು ಮುರಿದಳು. “ಹಕೀಮ ಯಾಕ? ನನಗೂ ಇದ ಕಲ್ಲು ಬಂದಿತ್ತು. ಹುರುಳಿ ಕಟ್ಟು ಕುಡದೆ, ಬಿತ್ತು.” ಎಂದವಳು ತನ್ನ ಕುಂಕುಮದ ಭರಣಿ ತಂದು ತೆರೆದು ತೋರಿಸಿದಳು. ಅದರ ತಳದಲ್ಲಿ ಜೋಳದ ಕಾಳಿನಷ್ಟು ಕಂದುಬಣ್ಣದ ಕಲ್ಲು.

ಆಗ ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆಕೆಗೆ ಗೊತ್ತಿತ್ತು! ಈ ಗುದ್ದಲಿ ಪೆಟ್ಟು ಆಕೆಯ ಬೆನ್ನಿಗೂ ಬಿದ್ದಿತ್ತು. ಬಿದ್ದ ಮೇಲೂ ಆ ಬಚ್ಚಲಿನ ಬಾಗಿಲು ನನಗೆ ತೆರೆಯಲಿಲ್ಲ, ಕಲ್ಲನ್ನು ಒಡವೆಯಂತೆ ಭರಣಿಯಲ್ಲಿ ಇಟ್ಟುಕೊಂಡಿದ್ದಳು. ನಮ್ಮವರು, ಅಂದರೆ ನನ್ನ ಗಂಡ, ಎರಡೂ ಕಡೆ ತಲೆಯಾಡಿಸುತ್ತಾ ನಿಂತಿದ್ದರು. ಅಪ್ಪ ಹೇಳಿದ್ದೂ ಖರೆ, ಅವ್ವ ಹೇಳಿದ್ದೂ ಖರೆ. ನನ್ನನ್ನು ಯಾರೂ ಕೇಳಲಿಲ್ಲ.

ಮೊದಲು ಹುರುಳಿಯ ಸರದಿ. ಹುರುಳಿ ಬೇಯಿಸಿದ ನೀರನ್ನು ದಿನವಿಡೀ ತಂಬಿಗೆಗಟ್ಟಲೆ ಕುಡಿಯಬೇಕು, ಅದು ಮದ್ದು. ಆದರೆ ಹಗಲಲ್ಲಿ ಅಷ್ಟು ಕುಡಿದರೆ ಸೊಸೆ ಹಗಲಲ್ಲೇ ಬಯಲಿಗೆ ಹೋಗಬೇಕಾಗುತ್ತದಲ್ಲ! ಅದಕ್ಕೆ ಅತ್ತೆ ಒಂದು ಉಪಾಯ ಮಾಡಿದಳು. ಗಡಿಗೆಗಟ್ಟಲೆ ಕಟ್ಟನ್ನು ಬೆಳಗಿನಿಂದ ಕುದಿಸಿ ಕುದಿಸಿ ಸಂಜೆಗೆ ಒಂದು ಬಟ್ಟಲಿಗೆ ಇಳಿಸಿದಳು. “ಸಾರ ಎಲ್ಲಾ ಇದರಾಗ ಇಳದೈತಿ. ನೀರು ಸುಮ್ಮನ ಭಾರ,” ಎಂದು ಕೊಟ್ಟಳು. ಅಂಟಂಟಾದ ಕರಿ ರಾಡಿ ಅದು. ಮನೆತುಂಬ ಅದರ ಘಾಟು, ನನ್ನ ಸೆರಗಿನಲ್ಲಿ, ಕೂದಲಲ್ಲಿ, ಹಾಸಿಗೆಯಲ್ಲಿ. ಮದ್ದಿನಲ್ಲಿದ್ದ ಮದ್ದೇ ಆವಿಯಾಗಿ ಹೋದದ್ದು ಯಾರಿಗೂ ಹೊಳೆಯಲಿಲ್ಲ. ನೋವು ಬಿಡಲಿಲ್ಲ, ಹಾವಿನಂತೆ ಹೋಗಿ ಹೋಗಿ ಬರುತ್ತಿತ್ತು.

ಆಮೇಲೆ ಹಕೀಮನ ಸರದಿ. ಬಂಡಿಯಲ್ಲಿ ಹುಲ್ಲು ಹಾಸಿ ನನ್ನನ್ನು ಮಲಗಿಸಿದರು. ಮಾವ, ನಮ್ಮವರು ಜೊತೆಗೆ. ದಾರಿಯಲ್ಲಿ ಮಕ್ತಲದ ತವರಲ್ಲಿ ಇಳಿದೆವು. ಬಂಡಿಯ ಒಂದೊಂದು ಕುಲುಕಿಗೂ ಪಕ್ಕೆ ಹರಿದು, ನಾನು ನಡೆಯುವ ಸ್ಥಿತಿಯಲ್ಲಿರಲಿಲ್ಲ. ನನ್ನ ಅವ್ವ ನೋಡಿ ಗೊಳೋ ಅತ್ತಳು. ಹೊಲದ ಬದುವಿನಿಂದ ನೆಗ್ಗಿನ ಮುಳ್ಳು ಕಿತ್ತು ತಂದು ಕಷಾಯ ಮಾಡಿದಳು.

“ಯವ್ವ, ನನ್ನ ಇಲ್ಲೇ ಇಟ್ಟುಕೋ. ಇಲ್ಲಿ ಹಿತ್ತಲ ಐತಿ,” ಎಂದು ಆಕೆಯ ಕಿವಿಯಲ್ಲಿ ಬೇಡಿಕೊಂಡೆ.

“ಕೊಟ್ಟ ಹೆಣ್ಣು ಕುಲಕ್ಕ ಹೊರಗ ಮಗಳ. ಬೀಗರ ಮುಂದ ನಾ ಹೆಂಗ ಮಾತಾಡ್ಲಿ?” ಅಂದಳು ಅವ್ವ. ಅಳುವುದಕ್ಕೆ ಬಂದ ಬಾಯಿ ಮಾತಿಗೆ ಬರಲಿಲ್ಲ. ಅವಳ ಮೇಲೂ ನನಗೆ ಸಿಟ್ಟೇ.

ಈಗ ಜೂರಾಲದ ಅಣೆಕಟ್ಟು ಎದ್ದಿರುವ ಕಡೆ ಆಗ ಬರೀ ಬಂಡೆ, ಮರಳು, ನಡುವೆ ಸಣ್ಣಗಾದ ಕೃಷ್ಣೆ. ಹರಗೋಲು ಬರುವವರೆಗೆ ದಂಡೆಯಲ್ಲಿ ಕಾಯಬೇಕಾಯಿತು. ಮಾವ ಆಚೆ ದಿಬ್ಬದ ನೆರಳಿಗೆ ಹೋಗಿದ್ದರು. ನಾನು ತೆವಳಿಕೊಂಡು ಹೋಗಿ ನೀರಿಗೆ ಬಾಯಿ ಹಚ್ಚಿದೆ. ಬೊಗಸೆ ಬೊಗಸೆ ಕುಡಿದೆ. ಎಷ್ಟು ಕುಡಿದೆನೋ, ಮೂಗಿಗೆ ಹೋಗಿ ಕೆಮ್ಮಿದೆ, ಮತ್ತೆ ಕುಡಿದೆ.

“ಸಾಕು, ಹೊಟ್ಟಿ ಒಡದೀತು,” ಅಂದರು ನಮ್ಮವರು.

ಹರಗೋಲಿನ ತೆಲುಗಿನ ಮುದುಕ ನಕ್ಕ. “ತಾಗು ತಲ್ಲಿ, ಏಟಿಕೇಂ ತಕ್ಕುವ!” ಕುಡಿಯವ್ವ, ಹೊಳೆಗೇನು ಕಡಿಮೆ ಅಂತ. ನನ್ನ ಮದುವೆಯಾದ ಮೇಲೆ ನೀರು ಕುಡಿ ಎಂದು ಪ್ರೀತಿಯಿಂದ ಹೇಳಿದ ಮೊದಲ ಗಂಡಸು ಆತ. ಬಂಡೆಯ ಮರೆಗೆ ಹೋಗಿ ಹಗಲ ಬೆಳಕಿನಲ್ಲಿ ಕೂತೆ. ಆ ಇಡೀ ವರ್ಷದಲ್ಲಿ ನಾನು ಸುಖಪಟ್ಟ ಗಳಿಗೆ ಯಾವುದೆಂದು ಕೇಳಿದರೆ ಅದೊಂದೇ.

ಗದ್ವಾಲದ ಹಕೀಮರು ಬಿಳಿ ಗಡ್ಡದ ಸಭ್ಯ ಮನುಷ್ಯ. ಅವರ ಮೇಲೆ ನನಗೆ ದೂರಿಲ್ಲ. ಬಾರೆಹಣ್ಣಿನಷ್ಟು ದಪ್ಪದ, ಗೆರೆಗೆರೆಯ ಒಂದು ಕಲ್ಲನ್ನು ತೋರಿಸಿದರು. ಅದನ್ನು ತೇಯ್ದ ಪುಡಿಯನ್ನು ಮೂಲಂಗಿ ರಸದಲ್ಲಿ ಕಲಸಿ ಕುಡಿಯಬೇಕು. ಕುಡಿದ ಮೇಲೆ ದಿನವಿಡೀ ಹೂಜಿಗಟ್ಟಲೆ ನೀರು. “ಪುಡಿ ಕಲ್ಲನ್ನ ಸಡಿಲ ಮಾಡತೈತಿ ಸಾಹುಕಾರ್, ನೂಕೋದು ನೀರು,” ಎಂದು ಒತ್ತಿ ಹೇಳಿದ್ದನ್ನು ನಾನೇ ಪರದೆಯ ಹಿಂದಿನಿಂದ ಕೇಳಿದ್ದೇನೆ. ನಾರಾಯಣಪೇಟೆಗೆ ಬಂದಾಗ ಮಾವನ ಕೈಯಲ್ಲಿ ಪುಡಿಯ ಪೊಟ್ಟಣ ಇತ್ತು. ನೀರಿನ ಮಾತು ಕೃಷ್ಣೆಯ ಆಚೆಯೇ ಉಳಿದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ನಮ್ಮ ಮನೆಯಲ್ಲಿ ಬರೆ ಎಳೆಯುವವರು ಇಬ್ಬರಿದ್ದರು, ಬೆಳಿಗ್ಗೆ ಮಾವನ ಪುಡಿ, ಸಂಜೆ ಅತ್ತೆಯ ರಾಡಿ.

ಮಳೆಗಾಲದ ಮೊದಲ ಹನಿ ಬಿದ್ದ ಹೊತ್ತಿಗೆ ಒಂದು ದಿನ ನೋವು ನಿಂತೇ ಹೋಯಿತು. ಮರುದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ. ಮನೆಯಲ್ಲಿ ಹಬ್ಬ.

“ಕರಗಿತು ನೋಡು. ಹಕೀಮ ಅಂದ್ರ ಹಕೀಮ,” ಅಂದರು ಮಾವ.

“ನಿಮ್ಮ ಪುಡಿ ಏನ್ ಮಾಡತೈತ್ರಿ? ನನ್ನ ಹುರುಳಿ ಕರಗಿಸಿದ್ದು,” ಅಂದಳು ಅತ್ತೆ.

ಗಿರಾಕಿಗಳ ಮುಂದೆ, ನೆರೆಯವರ ಮುಂದೆ ಗಂಡ ಹೆಂಡತಿ ಇದೇ ಜಗಳ. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅತ್ತೆಯ ಕೈಯಿಂದ ಹೋಳಿಗೆ ತಿಂದೆ. ಕಲ್ಲು ಬಿದ್ದದ್ದನ್ನು ಕಣ್ಣಾರೆ ಕಂಡವರು ಮಾತ್ರ ಯಾರೂ ಇರಲಿಲ್ಲ. ದವಾಖಾನೆಯ ಡಾಕ್ಟರ್ ದಾರಿಯಲ್ಲಿ ಸಿಕ್ಕಾಗ ನಮ್ಮವರಿಗೆ, “ಕಲ್ಲು ಕಾಣದ ನಂಬಬ್ಯಾಡ್ರಿ, ಒಂದ್ಸಲ ಹೈದರಾಬಾದಿನಾಗ ಫೋಟೋ ತಗಸ್ರಿ,” ಎಂದನಂತೆ. ನೋವೇ ಇಲ್ಲದ ಮೇಲೆ ಫೋಟೋ ಯಾಕೆ ಎಂದು ಮನೆಯಲ್ಲಿ ನಕ್ಕರು. ನಮ್ಮವರೂ ನಕ್ಕರು.

ಶ್ರಾವಣ ಕಳೆಯುವುದರೊಳಗೆ ಜ್ವರ ಹಿಡಿಯಿತು. ನಡುಕ ಬಂದರೆ ಮಂಚ ಸದ್ದು ಮಾಡುತ್ತಿತ್ತು. ಎಡಪಕ್ಕೆ ಊದಿಕೊಂಡು ಸೀರೆಯ ನಿರಿಗೆ ತಾಗಿದರೂ ಜೀವ ಹೋಗುತ್ತಿತ್ತು. ಹುರುಳಿಯೂ ಬಾಯಿ ಮುಚ್ಚಿಕೊಂಡಿತು, ಪುಡಿಯೂ ಮುಚ್ಚಿಕೊಂಡಿತು. ನಾನು ಸಾಯುತ್ತೇನೆ ಎಂದು ಖಾತ್ರಿಯಾದ ಮೇಲೆಯೇ ಮಾವ ಹೈದರಾಬಾದಿಗೆ ಒಪ್ಪಿದ್ದು. ಮೆಹಬೂಬನಗರದವರೆಗೆ ಮೋಟಾರು, ಅಲ್ಲಿಂದ ರೈಲು. ಕಿಟಕಿಯಾಚೆ ಜೋಳದ ಹಸಿರು ಮೊಣಕಾಲುದ್ದ ಬಂದಿತ್ತು. ಮುಂದಿನ ಪೀಕು ನೋಡುತ್ತೇನೋ ಇಲ್ಲವೋ ಎಂದು ಒಳಗೊಳಗೇ ಹೆದರಿಕೆ.

ಅಲ್ಲಿನ ದೊಡ್ಡ ಡಾಕ್ಟರು ವಯಸ್ಸಾದವರು. ಪರದೆ ಸರಿಸಿ ನೇರ ನನ್ನ ಮುಂದೆ ಬಂದು ಕೂತರು. ಮಾವ ಏನೋ ಹೇಳಲು ಬಾಯಿ ತೆರೆದರೆ ಕೈ ಎತ್ತಿ ನಿಲ್ಲಿಸಿದರು.

“ಪಾನಿ ಕಿತ್ತಾ ಪೀತೆ ಅಮ್ಮಾ ತುಮ್?” ಎಷ್ಟು ನೀರು ಕುಡಿಯುತ್ತೀ ಎಂದು ನನ್ನನ್ನೇ ಕೇಳಿದರು.

“ಹೊತ್ತು ಮುಣುಗಿದ ಮ್ಯಾಲ ಒಂದು ತಂಬಿಗಿ ಸಾಹೇಬ್ರ. ಹಗಲೊತ್ತು ಇಲ್ಲ.”

“ಕ್ಯೂಂ?”

ಯಾಕೆಂದು ಹೇಳಿದೆ. ಬಚ್ಚಲು, ಬಯಲು, ಎಲ್ಲಾ. ಮಾವ ಗೋಡೆಯ ಕಡೆ ತಿರುಗಿ ನಿಂತರು.  ಡಾಕ್ಟರು ಎಕ್ಸರೇ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕಲ್ಲು ಕರಗಿರಲಿಲ್ಲ, ಬಿದ್ದೂ ಇರಲಿಲ್ಲ. ನಳಿಗೆಯ ಬಾಯಿಗೆ ಬಿರಡೆಯಂತೆ ಕೂತುಬಿಟ್ಟಿತ್ತು. ಗುರ್ದಾ ಬದುಕಿರುವ ತನಕ ಕಲ್ಲನ್ನು ಹೊರಗೆ ನೂಕಲು ಒದ್ದಾಡುತ್ತದೆ, ಆ ಒದ್ದಾಟವೇ ನೋವು. ನೂಕಿ ನೂಕಿ ಸೋತು ಕೈಚೆಲ್ಲಿದಾಗ ನೋವು ನಿಲ್ಲುತ್ತದೆ ಎಂದು ಅವರು ತಿಳಿಸಿ ಹೇಳಿದರು. ನಮ್ಮ ಮನೆಯವರು ಹೋಳಿಗೆ ಮಾಡಿ ಉಂಡದ್ದು ನನ್ನ ಗುರ್ದಾದ ತಿಥಿಗೆ. ಈಗ ಅದು ಕೀವಿನ ಚೀಲ. ತೆಗೆಯದಿದ್ದರೆ ನಾನೂ ಅದರ ಹಿಂದೆಯೇ.

“ಲಿಂಗ ತಗಿಯಂಗಿಲ್ಲ,” ಅಂದರು ಮಾವ, ಗೋಡೆಯ ಕಡೆಯಿಂದಲೇ.

ಯಾರೂ ನನ್ನನ್ನು ಕೇಳದಿದ್ದರೂ ನಾನೇ ಮಾತಾಡಿದೆ. ಕೊರಳಿನ ಶಿವದಾರ ಬಿಚ್ಚಿದೆ. ಲಿಂಗವನ್ನು ತಲೆಗೂದಲಿಗೆ ಬಿಗಿಯಾಗಿ ಕಟ್ಟಿಕೊಂಡು, “ಹಿಂಗಿದ್ದರ ನಡಿತೈತೇನ್ರಿ?” ಎಂದು ಡಾಕ್ಟರನ್ನು ಕೇಳಿದೆ. “ಬಿಲ್ಕುಲ್,” ಎಂದರು ಅವರು. ಆ ಗುರ್ದಾವನ್ನು ಉಳಿಸಲು ಅಷ್ಟು ಸಾಕಿತ್ತು, ಬೇಸಿಗೆಯಲ್ಲೇ ಯಾರಾದರೂ ಕೇಳಿದ್ದರೆ.

ಬದುಕಿ ಊರಿಗೆ ಬಂದಾಗ ಕಾರ್ತಿಕ. ಬಾಗಿದ ಮೈಯಲ್ಲಿ, ನಮ್ಮವರ ಭುಜ ಹಿಡಿದು ಒಳಗೆ ಬಂದೆ. ಪಡಸಾಲೆಯಲ್ಲಿ ಮಾವ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದರು. ನಡುಹಗಲು. ಮೂಲೆಯ ಗಡಿಗೆಯಿಂದ ತಂಬಿಗೆ ತುಂಬಿಕೊಂಡು, ಪಡಸಾಲೆಯ ನಟ್ಟನಡುವೆ ನಿಂತು, ಎಲ್ಲರ ಎದುರು ಗಟಗಟ ಕುಡಿದೆ. ಇನ್ನೊಂದು ತುಂಬಿಕೊಂಡೆ, ಅದನ್ನೂ ಕುಡಿದೆ. ಹೊಟ್ಟೆ ತುಂಬುವವರೆಗೆ ಅಲ್ಲೇ ಕೂತೆ. ಆಮೇಲೆ ಎದ್ದು ಬಚ್ಚಲ ಕಡೆ ನಡೆದೆ.

ಅತ್ತೆ ಓಡಿಬಂದು ಬಾಗಿಲಿಗೆ ಅಡ್ಡ ನಿಂತಳು. “ಮಾವ ಪೂಜಾದ ಜಳಕ ಮಾಡೋ ಜಾಗ ಅದು. ಮೈಲಿಗಿ ಆಗತೈತಿ, ಹುಷಾರು!”

ಕೊರಳಿನ ಲಿಂಗವನ್ನು ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. “ನಾ ಎಲ್ಲಿ ಕುಂತರೂ ಇದು ನನ್ನ ಮೈಮ್ಯಾಲ ಇರತೈತ್ರೀ ಅತ್ತಿ. ಬಯಲಾಗ ಕುಂತರೂ ಇರತೈತಿ. ಈ ಲಿಂಗಕ್ಕ ಆಗಲಾರದ ಮೈಲಿಗಿ ನಿಮ್ಮ ಬಚ್ಚಲಕ್ಕ ಹೆಂಗ ಆಗತೈತಿ? ಮಾವಗ ಕೇಳ್ರಿ.”

ಮಾವ ಬಿಚ್ಚಿದ ಸೀರೆಯನ್ನು ಮಡಚತೊಡಗಿದರು.  ನಾನು ಅತ್ತೆಯನ್ನು ಪಕ್ಕಕ್ಕೆ ಸರಿಸಿ ಒಳಗೆ ಹೋಗಿ ಅಗಳಿ ಹಾಕಿಕೊಂಡೆ. ಸದ್ದು ಮೋರಿಯ ಗುಂಟ ಬೀದಿಯವರೆಗೂ ಕೇಳಿಸಿರಬೇಕು. ಕೇಳಿಸಲಿ ಅಂತಲೇ. ಹೊರಗೆ ಬಂದಾಗ ನಮ್ಮವರು ಬಾವಿಯಿಂದ ಎರಡು ಕೊಡ ನೀರು ತಂದು ಬಚ್ಚಲ ಹಂಡೆಗೆ ಸುರಿಯಲು ನಿಂತಿದ್ದರು, ಅಪ್ಪನ ಎದುರಿಗೇ. ಆ ಒಂದು ಕೆಲಸಕ್ಕೆ ಅವರನ್ನು ಅರ್ಧ ಕ್ಷಮಿಸಿದೆ. ಉಳಿದರ್ಧ ಹಾಗೇ ಇದೆ.

ಮಾವ ಅಂದಿನಿಂದ ಬಾವಿಕಟ್ಟೆಯಲ್ಲಿ ಜಳಕ ಮಾಡತೊಡಗಿದರು. ಆಕಾಶ ಕಳಚಿ ಬೀಳಲಿಲ್ಲ. ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ, ಮನೆಯಲ್ಲಿ ಗಂಡಸರಿಲ್ಲದಾಗ, ಬಚ್ಚಲ ಅಗಳಿಯ ಸದ್ದು ಕೇಳಿಸಿತು. ಅತ್ತೆ ಕಾಲು ಒದ್ದೆ ಮಾಡಿಕೊಂಡು ಹೊರಗೆ ಬಂದಳು. ನನ್ನ ಮುಖ ನೋಡದೆ, “ನೀರು ಹಾಕೀನಿ,” ಎಂದಳು ಅಷ್ಟೇ. ಪಾಪ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ಸಿಟ್ಟು ಇಮ್ಮಡಿಯಾಯಿತು. ಇಷ್ಟು ಸುಲಭ ಇತ್ತಲ್ಲ!

ಮೊನ್ನೆ ಇದೆಲ್ಲ ತಲೆಯಲ್ಲಿ ಕುದಿಯುತ್ತಿರುವಾಗ ಗೌರಿ ಸಾಲೆಯಿಂದ ಬಂದಳು. ಚೀಲವನ್ನು ನನ್ನ ಪಕ್ಕದಲ್ಲಿ ಇಟ್ಟು ಕಾಲು ತೊಳೆಯಲು ಹೋದಳು. ಚೀಲ ಭಾರವಿತ್ತು. ನೋಡಿದರೆ ನೀರಿನ ಬಾಟಲಿ. ಬೆಳಿಗ್ಗೆ ಸೊಸೆ ತುಂಬಿ ಕೊಟ್ಟದ್ದು ಹಾಗೇ ಇದೆ, ಮುಚ್ಚಳ ಕೂಡ ತಿರುವಿಲ್ಲ.

“ಇದೇನ?” ಎಂದೆ.

ಗೌರಿ ನಕ್ಕಳು. “ಸಾಲ್ಯಾಗ ಎಲ್ಲಿ ಹೋಗಬೇಕಜ್ಜಿ? ಹೆಡ್ ಮಾಸ್ತರು, ಉಳಿದ ಮಾಸ್ತರು ಗ್ವಾಡಿ ಹಿಂದ ಹೋಗತಾರ. ನಾ ಒಬ್ಬಾಕಿ. ಮನಿಗೆ ಬಂದ ಮ್ಯಾಲ ಕುಡಿದರಾಯ್ತು ಅಂತ.”

“ಹುಡುಗ್ಯಾರು?”

“ಅವರೂ ಕುಡಿಯಂಗಿಲ್ಲ.”

ಆ ನಗುವನ್ನು ಕಂಡು ನನಗೆ ಮೈಯೆಲ್ಲಾ ಉರಿಯಿತು. ಸೊಸೆಯನ್ನು ಕರೆದು ಹುರುಳಿಯ ಪಾತ್ರೆ ಒಲೆಯಿಂದ ಇಳಿಸು ಎಂದೆ. ಬಾಟಲಿಯ ಮುಚ್ಚಳ ತೆಗೆದು ಗೌರಿಯ ಕೈಗೆ ಕೊಟ್ಟು, ಖಾಲಿಯಾಗುವವರೆಗೆ ಎದುರಿಗೇ ಕೂತಿದ್ದೆ.

“ನಾಳಿ ಗುಂಡುಮಾಲಿನ ಬಸ್ಸಿಗೆ ನಾನೂ ಬರತೀನಿ.”

“ಯಾಕಜ್ಜಿ?”

“ನಿಮ್ಮ ಹೆಡ್ ಮಾಸ್ತರಗ ನನ್ನ ಬೆನ್ನಿನ ಗಾಯದ ಗೆರಿ ತೋರಿಸಬೇಕು.”